ಸತ್ತವನ ಕೆಲಸ: ಕರುಣೆಯೋ, ಬಾಕಿಯೋ?

ನಮ್ಮ ಕೇರಿಗಳಲ್ಲಿ ಯಾರೂ 'ಅನುಕಂಪದ ಆಧಾರದ ಮೇಲೆ ನೇಮಕಾತಿ' ಅನ್ನುವುದಿಲ್ಲ. 'ಅವನಿಗೆ ಅಪ್ಪನ ಕೆಲಸ ಸಿಕ್ತು' ಅನ್ನುತ್ತಾರೆ. 'ಗಂಡ ಸತ್ತ ಮೇಲೆ ಅವನ ಕೆಲಸ ಅವಳಿಗೆ ಬಂತು' ಅನ್ನುತ್ತಾರೆ. ಸರ್ಕಾರದ ಕಾಗದ ಒಂದು ಮಾತು ಹೇಳುತ್ತದೆ, ಜನ ಇನ್ನೊಂದು ಹೇಳುತ್ತಾರೆ. ಕಾಗದದ ಮಾತಿನಲ್ಲಿ ಕೊಡುವವನು ದೊಡ್ಡವನು, ತೆಗೆದುಕೊಳ್ಳುವವನು ಬಾಗಿಲಲ್ಲಿ ನಿಂತು ಕೈಯೊಡ್ಡಿದವನು. ಜನರ ಮಾತಿನಲ್ಲಿ ಆ ಕೆಲಸ ಸತ್ತವನದು. ಅವನು ದುಡಿದದ್ದು, ಅವನು ಬಿಟ್ಟು ಹೋದದ್ದು.

ಇದು ಬರೀ ಪದಗಳ ಜಗಳವಲ್ಲ. ಒಳಗೆ ಎರಡು ದೊಡ್ಡ ಪ್ರಶ್ನೆಗಳಿವೆ. ಮೊದಲನೆಯದು: ದುಡಿಯುತ್ತಾ ಸತ್ತವನ ಮನೆಗೆ ಸರ್ಕಾರ ಕೊಡುವುದು ದಾನವೋ, ತೀರಿಸಬೇಕಾದ ಬಾಕಿಯೋ? ಎರಡನೆಯದು ನಮಗೇ ಚುಚ್ಚುವಂಥದ್ದು: ಹುಟ್ಟಿನಿಂದ ಕಸುಬು ಬರುವುದನ್ನು ಜೀವಮಾನವಿಡೀ ವಿರೋಧಿಸಿದ ನಾವು, ಅಪ್ಪನಿಂದ ಮಗನಿಗೆ ಬರುವ ಕೆಲಸವನ್ನು ಯಾವ ಬಾಯಲ್ಲಿ ಸಮರ್ಥಿಸಬೇಕು? ಎರಡನೇ ಪ್ರಶ್ನೆಯನ್ನು ಚಳವಳಿಯ ಗೆಳೆಯರು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಕೇಳಿಕೊಳ್ಳದೆ ಮೊದಲನೆಯದಕ್ಕೆ ಉತ್ತರ ಸಿಗುವುದಿಲ್ಲ.

ಈ ಪದ್ಧತಿಗೆ ಇಂಗ್ಲಿಷ್ ಕಾಗದಗಳಲ್ಲಿ ಇನ್ನೊಂದು ಹೆಸರಿದೆ. ಉತ್ತರ ಪ್ರದೇಶದ 1974ರ ನಿಯಮಗಳ ಹೆಸರಿನಲ್ಲೇ ಅದು ಇದೆ: 'ಡೈಯಿಂಗ್ ಇನ್ ಹಾರ್ನೆಸ್'. ಹಾರ್ನೆಸ್ ಅಂದರೆ ಗಾಡಿಗೆ ಹೂಡಿದ ಕುದುರೆಯ ಮೈಮೇಲೆ ಬಿಗಿಯುವ ಪಟ್ಟಿ. ನಮ್ಮ ಕಡೆ ಹೇಳಬೇಕೆಂದರೆ ನೊಗ. ನೊಗ ಹೊತ್ತಂತೆಯೇ ಸತ್ತವನು ಅಂತ ಅರ್ಥ. ಆಳುವವರು ಬಾಯಿತಪ್ಪಿ ನಿಜ ಹೇಳಿದ್ದಾರೆ. ಆದರೆ ಹೂಡಿದ ಎತ್ತು ಸತ್ತಾಗ ಕೊಟ್ಟಿಗೆಯಿಂದ ಹೋರಿಕರುವನ್ನು ತಂದು ಹೂಡುವ ಗೌಡ, ಕರುವಿಗೆ ತಾನು ಅನುಕಂಪ ತೋರಿಸಿದೆ ಅಂತ ಹೇಳಿಕೊಳ್ಳುವುದಿಲ್ಲ. ಹಾಗೆ ಹೇಳಿಕೊಳ್ಳುವುದು ಸರ್ಕಾರ ಮಾತ್ರ.

ಕರ್ನಾಟಕದಲ್ಲಿ ಇದಕ್ಕೆ 1996ರ ನಿಯಮಗಳಿವೆ. ಸೇವೆಯಲ್ಲಿರುವಾಗ ನೌಕರ ಸತ್ತರೆ ಅವನ ಕುಟುಂಬದ ಒಬ್ಬರು ಅರ್ಜಿ ಹಾಕಬಹುದು. ಮನೆ ನಿಜಕ್ಕೂ ಕಷ್ಟದಲ್ಲಿದೆಯೇ ಅಂತ ನೋಡುತ್ತಾರೆ. ಕೊಡುವುದು ಕೆಳಗಿನ ಹುದ್ದೆ: ಗುಮಾಸ್ತ, ಜವಾನ ಇಂಥವು. ಕೇಂದ್ರ ಸರ್ಕಾರ 1998ರ ತನ್ನ ಯೋಜನೆಯಲ್ಲಿ ನೇರ ನೇಮಕಾತಿಯ ಖಾಲಿ ಹುದ್ದೆಗಳಲ್ಲಿ ನೂರಕ್ಕೆ 5ನ್ನು ಮಾತ್ರ ಇದಕ್ಕೆ ಬಿಟ್ಟಿತು. ಅಂದರೆ ಒಂದು ವರ್ಷ ಎಷ್ಟು ಮನೆಗಳಲ್ಲಿ ದೀಪ ಆರಿದರೂ ಸರಿ, ಕರುಣೆಗೆ ಅಳತೆಯ ಪಾವು ಒಂದೇ.

ಸುಪ್ರೀಂ ಕೋರ್ಟು 1994ರಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ಹಾಕಿದ ದಾರಿಯಲ್ಲೇ ಆಮೇಲಿನ ತೀರ್ಪುಗಳೆಲ್ಲ ನಡೆದಿವೆ. ಅದರ ತಿರುಳು ಇಷ್ಟು: ಸರ್ಕಾರಿ ಕೆಲಸ ಎಲ್ಲರಿಗೂ ಬಾಗಿಲು ತೆರೆದು, ಅರ್ಹತೆ ನೋಡಿ ಕೊಡಬೇಕಾದದ್ದು. ಸತ್ತ ನೌಕರನ ಮನೆಯವರಿಗೆ ಕೊಡುವುದು ಆ ನಿಯಮಕ್ಕೆ ಒಂದು ವಿನಾಯಿತಿ. ದಿಢೀರನೆ ಬಿದ್ದ ಕಷ್ಟವನ್ನು ಆ ಮನೆ ದಾಟಲಿ ಅಂತ ಮಾತ್ರ ಅದು ಇರುವುದು. ಅದು ಹಕ್ಕಲ್ಲ.

ಈ ವಾದವನ್ನು 'ಮೇಲಿನವರ ವಾದ' ಅಂತ ತಳ್ಳಿಹಾಕುವುದು ಸುಲಭ. ತಳ್ಳಿಹಾಕಬಾರದು. ಯಾಕೆಂದರೆ ಅದರಲ್ಲಿ ನಮ್ಮದೇ ಹುಡುಗಿಯೊಬ್ಬಳು ನಿಂತಿದ್ದಾಳೆ. ಅವಳಪ್ಪ ಕೂಲಿ. ಅವಳು ಹಾಸ್ಟೆಲಿನ ಅನ್ನ ತಿಂದು ಪಿಯುಸಿ ಮುಗಿಸಿ, ದ್ವಿತೀಯ ದರ್ಜೆ ಸಹಾಯಕರ ಪರೀಕ್ಷೆಗೆ ಹಳೆಯ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿಕೊಂಡು ಓದುತ್ತಿದ್ದಾಳೆ ಅಂತಿಟ್ಟುಕೊಳ್ಳಿ. ಖಾಲಿ ಇದ್ದ ಒಂದು ಹುದ್ದೆ ಗುಮಾಸ್ತರ ಮಗನಿಗೆ ಹೋಯಿತು, ಪರೀಕ್ಷೆ ಇಲ್ಲದೆ. ಅವಳಪ್ಪನೂ ಸತ್ತಿರಬಹುದು. ಆದರೆ ಅವನು ಸತ್ತದ್ದು ಸರ್ಕಾರದ ಸೇವೆಯಲ್ಲಲ್ಲ, ಇನ್ನೊಬ್ಬರ ಹೊಲದಲ್ಲಿ ಔಷಧಿ ಹೊಡೆಯುವಾಗ. ಅವನ ಸಾವಿಗೆ ಯಾವ ಇಲಾಖೆಯೂ ಇಲ್ಲ. 'ನನ್ನಪ್ಪನ ಸಾವು ಸಾವಲ್ಲವೇನ್ರೀ?' ಅಂತ ಅವಳು ಕೇಳಿದರೆ ನಮ್ಮಲ್ಲಿ ಉತ್ತರ ಇರಬೇಕು.

ಇನ್ನೂ ಆಳದ ಒಂದು ಮಾತಿದೆ. ಸಂವಿಧಾನದ 16ನೇ ವಿಧಿಯ ಎರಡನೇ ಖಂಡ, ಸರ್ಕಾರಿ ಉದ್ಯೋಗದಲ್ಲಿ ಯಾವ ಯಾವ ಕಾರಣಕ್ಕೆ ಭೇದ ಮಾಡಬಾರದು ಅಂತ ಪಟ್ಟಿ ಕೊಡುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗದ ಜೊತೆಗೆ ಅಲ್ಲಿ 'ವಂಶ' ಅನ್ನುವ ಮಾತೂ ಇದೆ. ಆ ಮಾತಿಗೆ ಹಿಂದೆ ಒಂದು ದೊಡ್ಡ ನರಕದ ಇತಿಹಾಸವಿದೆ.

ನಮ್ಮ ಹಳ್ಳಿಗಳಲ್ಲಿ ಪಟೇಲಿಕೆ, ಶಾನುಭೋಗಿಕೆ ವಂಶದಿಂದ ಬರುತ್ತಿದ್ದವು. ಅವರ ಮಕ್ಕಳೇ ಪಟೇಲರು, ಅವರ ಮಕ್ಕಳೇ ಶಾನುಭೋಗರು. ಹಾಗೆಯೇ ತೋಟಿ, ತಳವಾರ, ನೀರಗಂಟಿ ಕೆಲಸಗಳೂ ವಂಶದಿಂದಲೇ ಬರುತ್ತಿದ್ದವು. ಮೇಲಿನವನಿಗೆ ವಂಶದಿಂದ ದರ್ಪ ಬಂತು, ಕೆಳಗಿನವನಿಗೆ ವಂಶದಿಂದ ತಮಟೆ, ಹೆಣದ ಸುದ್ದಿ, ರಾತ್ರಿ ಕಾವಲು ಬಂತು. ಒಂದು ತುಂಡು ಇನಾಂ ಜಮೀನು ಕೊಟ್ಟು ತಲೆತಲಾಂತರಕ್ಕೆ ಕೊರಳಿಗೆ ಹಗ್ಗ ಕಟ್ಟಿದರು. ಬೆಳಗಾವಿ, ಧಾರವಾಡ, ಬಿಜಾಪುರಗಳು ಸೇರಿದ್ದ ಮುಂಬೈ ಪ್ರಾಂತದಲ್ಲಿ ಇದಕ್ಕೆ 1874ರ ಕಾಯ್ದೆಯೇ ಇತ್ತು. ಆ ಕಾಯ್ದೆಯನ್ನು ತಿದ್ದಬೇಕು ಅಂತ ಬಾಬಾಸಾಹೇಬ ಅಂಬೇಡ್ಕರ್ 1928ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಮಸೂದೆ ತಂದರು. ಮಹಾರ್ ವತನು ಆಸ್ತಿಯಲ್ಲ, ಗುಲಾಮಗಿರಿಯ ಪತ್ರ ಅಂತ ಅವರು ಕಂಡಿದ್ದರು. ತಮ್ಮ ಜನರಲ್ಲೇ ಕೆಲವರು 'ಇದ್ದ ತುಂಡು ಭೂಮಿಯೂ ಹೋಗುತ್ತೇನೋ' ಅಂತ ಹೆದರುತ್ತಿದ್ದಾಗ ಅವರು ಈ ಮಾತು ಹೇಳಬೇಕಾಯಿತು.

1960ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆಂಧ್ರದ ಒಂದು ಪ್ರಕರಣದಲ್ಲಿ, ಗ್ರಾಮ ಮುನ್ಸೀಫನ ಕೆಲಸವನ್ನು ವಂಶ ನೋಡಿ ಕೊಡುವುದು 16ನೇ ವಿಧಿಗೆ ವಿರುದ್ಧ ಅಂದಿತು. ನಮ್ಮಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಪಟೇಲಿಕೆಯೂ ಹೋಯಿತು, ತೋಟಿತನವೂ ಹೋಯಿತು. ಇದು ಸಣ್ಣ ಗೆಲುವಲ್ಲ.

ಹಾಗಿದ್ದ ಮೇಲೆ ಈಗ ಮತ್ತೆ 'ಅಪ್ಪನ ಕೆಲಸ' ಅನ್ನುವ ಮಾತು ಹೇಗೆ ಸರಿ? ಮುಂದಿನ ಬಾಗಿಲಿಂದ ಓಡಿಸಿದ ವಂಶವನ್ನು ಹಿತ್ತಲ ಬಾಗಿಲಿಂದ ಕರೆದಂತಾಗಲಿಲ್ಲವೇ?

ಇಲ್ಲಿ ನಿಧಾನಿಸಿ ಯೋಚಿಸಬೇಕು. ಪಟೇಲನ ಮಗ ಪಟೇಲನಾದದ್ದು ಅಪ್ಪ ಸತ್ತು ಮನೆ ಬೀದಿಗೆ ಬಿತ್ತು ಅಂತಲ್ಲ. ಅವನ ಮನೆಯಲ್ಲಿ ಕಣಜ ತುಂಬಿದ್ದರೂ ಅವನೇ ಪಟೇಲ. ಅವನ ಹಕ್ಕು ರಕ್ತದಿಂದ ಬಂದದ್ದು, ಹಸಿವಿನಿಂದಲ್ಲ. ಸತ್ತ ಜವಾನನ ಹೆಂಡತಿ ಕೇಳುವುದು ಬೇರೆ. ಅವಳಿಗೂ ಅವನಿಗೂ ರಕ್ತಸಂಬಂಧವೇ ಇಲ್ಲ. ಅವಳು ಕೇಳುವುದು, 'ಈ ಸಂಬಳದ ಮೇಲೆ ನಾವು ಐದು ಜನ ಬದುಕಿದ್ದೆವು, ಅದು ಇವತ್ತು ನಿಂತಿದೆ' ಅಂತ. ಅವಳ ಹಕ್ಕಿನ ಬೇರು ವಂಶವಲ್ಲ, ಅವಲಂಬನೆ. ಯಾರು ಯಾರ ದುಡಿಮೆಯ ಮೇಲೆ ಉಸಿರಾಡುತ್ತಿದ್ದರು ಅನ್ನುವುದೇ ಅಳತೆ.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದರೆ ಬಹಳ ವಿಷಯ ಸ್ಪಷ್ಟವಾಗುತ್ತದೆ. ಎಲ್ಲಿ ಈ ನಿಯಮ ಅವಲಂಬನೆಯನ್ನು ನೋಡುತ್ತದೋ ಅಲ್ಲಿ ಅದು ನ್ಯಾಯದ ಕಡೆ ಇರುತ್ತದೆ. ಎಲ್ಲಿ ವಂಶವನ್ನು, ಕುಲವನ್ನು ನೋಡುತ್ತದೋ ಅಲ್ಲಿ ಅದು ಮನುವಿನ ಕಡೆ ವಾಲುತ್ತದೆ.

ಹೆಣ್ಣುಮಕ್ಕಳ ವಿಷಯವನ್ನೇ ನೋಡಿ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಅನ್ನುವ ಗಾದೆಯನ್ನು ಸರ್ಕಾರ ತನ್ನ ನಿಯಮದಲ್ಲಿ ಬರೆದುಕೊಂಡಿತ್ತು. ಮಗನಿಗೆ ಮದುವೆಯಾಗಿದ್ದರೂ ಅವನು ಕುಟುಂಬ, ಮಗಳಿಗೆ ಮದುವೆಯಾದರೆ ಅವಳು ಹೊರಗಿನವಳು. ಗಂಡ ಬಿಟ್ಟು, ಅಪ್ಪನ ಮನೆಯಲ್ಲೇ ಇದ್ದು, ಅಪ್ಪನಿಗೆ ಕೊನೆಗಾಲದಲ್ಲಿ ಗಂಜಿ ಕುಡಿಸಿದವಳೇ ಆಗಿದ್ದರೂ ನಿಯಮದ ಕಣ್ಣಿಗೆ ಅವಳು ಕಾಣುತ್ತಿರಲಿಲ್ಲ. 2020ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಆ 'ಅವಿವಾಹಿತ' ಅನ್ನುವ ಪದವನ್ನು ಕಿತ್ತುಹಾಕಿತು. 2021ರಲ್ಲಿ ಸರ್ಕಾರ ನಿಯಮ ತಿದ್ದಿತು. ಆದರೆ ಅದೇ 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ, ತಾಯಿ ಸತ್ತ ಮೇಲೆ ವಿಚ್ಛೇದನ ಪಡೆದ ಮಗಳಿಗೆ ಕೆಲಸ ಕೊಡಲು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ತಾಯಿ ಸತ್ತ ದಿನ ಜಾರಿಯಲ್ಲಿದ್ದ ನಿಯಮದಲ್ಲಿ ಅವಳಿಗೆ ಜಾಗವಿರಲಿಲ್ಲ. ಕಾನೂನಿನ ಲೆಕ್ಕ ಅದು. ಬಾಳಿನ ಲೆಕ್ಕ ಬೇರೆ. ಒಂದು ಹೆಣ್ಣು ಗಂಡನ ಮನೆಯಿಂದ ಯಾವ ದಿನ ನಿಜವಾಗಿ ಹೊರಬಿದ್ದಳು ಅನ್ನುವುದು ಕೋರ್ಟಿನ ಡಿಕ್ರಿಯ ತಾರೀಖಿನಲ್ಲಿ ಇರುವುದಿಲ್ಲ.

ಎರಡನೇ ಹೆಂಡತಿಯ ಮಕ್ಕಳ ಕಥೆಯೂ ಇಂಥದ್ದೇ. ನಮ್ಮ ಜನರಲ್ಲಿ ಕೂಡಿಕೆ, ಉಡಿಕೆ ಇವೆ. ಮದುವೆಗೆ ಚಪ್ಪರ ಇಲ್ಲ, ಪತ್ರ ಇಲ್ಲ, ನೋಂದಣಿ ಇಲ್ಲ. ಬಾಳಿದ್ದೇ ಪುರಾವೆ. ಅಪ್ಪ ಸತ್ತ ಮರುದಿನ ನಾಡಕಚೇರಿಯಲ್ಲಿ 'ವಂಶವೃಕ್ಷ ತಗೊಂಬಾ' ಅಂತಾರೆ. ಮರ ನೆಡಲು ಗೇಣು ನೆಲ ಕೊಡದವರು ವಂಶದ ಮರ ತೋರಿಸು ಅಂತ ಕೇಳುತ್ತಾರೆ! 2018ರಲ್ಲಿ ರೈಲ್ವೆಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎರಡನೇ ಮದುವೆಯ ಮಗು ಅನ್ನುವ ಒಂದೇ ಕಾರಣಕ್ಕೆ ಹೊರಗಿಡುವಂತಿಲ್ಲ ಅಂದಿತು. ಹುಟ್ಟಿದ ರೀತಿಗೆ ಮಗು ಹೊಣೆಯಲ್ಲ. ಈ ಒಂದು ಮಾತನ್ನು ಹೇಳಿಸಲು ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಬೇಕಾಯಿತು.

ಇನ್ನು ಗಡುವು. 1996ರ ನಿಯಮ ಸಾವಿನ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬರಬೇಕು ಅಂತ ಇಟ್ಟಿತು. 2005ರಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆಯ ಪ್ರಕರಣವೊಂದರಲ್ಲಿ, ಅಪ್ಪ ಸತ್ತಾಗ ಅಪ್ರಾಪ್ತನಾಗಿದ್ದವನು ದೊಡ್ಡವನಾದ ಮೇಲೆ ತಡವಾಗಿ ಕೇಳಿದಾಗ, ಸುಪ್ರೀಂ ಕೋರ್ಟು ಗಡುವಿನ ಕಡೆಗೇ ನಿಂತಿತು. ಕೋರ್ಟುಗಳ ತರ್ಕ ಹೀಗೆ: ಇದು ತಕ್ಷಣದ ಕಷ್ಟಕ್ಕೆ ಕೊಡುವುದು. ಇಷ್ಟು ವರ್ಷ ಹೇಗೋ ಬದುಕಿದ್ದೀರಿ ಅಂದರೆ ಕಷ್ಟ ದಾಟಿದ್ದೀರಿ.

ಈ ತರ್ಕವನ್ನು ಯಾರ ಮೇಲೆ ಹೊರಿಸುತ್ತೀರಿ ಅನ್ನುವುದು ಮುಖ್ಯ. ಓದು ಬರಹ ಇರುವ ಮನೆಯಲ್ಲಿ ತಿಥಿ ಮುಗಿಯುವ ಮೊದಲೇ ಯಾರೋ ಒಬ್ಬರು ಅರ್ಜಿ ಬರೆದಿರುತ್ತಾರೆ. ಹೆಬ್ಬೆಟ್ಟಿನ ತಾಯಿ, ಹತ್ತು ವರ್ಷದ ಮಗ ಇರುವ ಮನೆಯಲ್ಲಿ ಒಂದು ವರ್ಷ ಮರಣ ಪ್ರಮಾಣಪತ್ರಕ್ಕೆ, ವಂಶವೃಕ್ಷಕ್ಕೆ, ಆದಾಯ ಪತ್ರಕ್ಕೆ, ಮೈದುನಂದಿರ ಒಪ್ಪಿಗೆಗೆ ತಿರುಗುವುದರಲ್ಲೇ ಮುಗಿಯುತ್ತದೆ. ಅವರು 'ಹೇಗೋ ಬದುಕಿದರು' ಅಂದರೆ ಹೇಗೆ? ಮಗನ ಶಾಲೆ ಬಿಡಿಸಿ ಬದುಕಿದರು. ಮಗಳನ್ನು ಗಾರ್ಮೆಂಟಿಗೆ ಕಳಿಸಿ ಬದುಕಿದರು. ಅದನ್ನೇ ಪುರಾವೆ ಮಾಡಿಕೊಂಡು, ನಿಮಗೆ ಕಷ್ಟ ಇರಲಿಲ್ಲ ಅಂದರೆ, ಸಾಯದೆ ಉಳಿದದ್ದೇ ತಪ್ಪಾಯಿತು ಅಂದಂತೆ.

ಈಗ ಕರುಣೆಯ ಮಾತಿಗೆ ಬರೋಣ. ಕರುಣೆಯನ್ನು ನಾವು ಹಗುರ ಮಾಡುವವರಲ್ಲ. ಬುದ್ಧನ ಕರುಣೆ ಬೇರೆ. ಅದು ಸಮಾನನು ಸಮಾನನ ನೋವನ್ನು ತನ್ನದೆಂದು ತಿಳಿಯುವುದು. ಸರ್ಕಾರದ ಅನುಕಂಪದಲ್ಲಿ ಮೇಲು ಕೆಳಗು ಇದೆ. ಕರುಣೆ ತೋರಿಸುವವನು ತೋರಿಸದೆಯೂ ಇರಬಹುದು. ಬೇಡುವವನು ಕೇಳಬಹುದಷ್ಟೆ, ಕೇಳಿ ಸಿಗದಿದ್ದರೆ ಸುಮ್ಮನೆ ಹೋಗಬೇಕು. ಸಾಲ ಹಾಗಲ್ಲ. ಸಾಲಗಾರನಿಗೆ 'ನನಗೆ ಮನಸ್ಸಿಲ್ಲ' ಅನ್ನುವ ಮಾತೇ ಇಲ್ಲ.

ಜೀತದ ದಿನಗಳನ್ನು ನೆನೆಯಿರಿ. ಅಪ್ಪ ಮಾಡಿದ ಸಾಲ ಅಪ್ಪ ಸತ್ತರೆ ತೀರುತ್ತಿತ್ತೇ? ಇಲ್ಲ. ಮಗನ ತಲೆಗೆ ಬರುತ್ತಿತ್ತು. ಹೆಣ ಸುಟ್ಟ ಬೂದಿ ಆರುವ ಮೊದಲು ಮಗನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. 1976ರ ಜೀತ ರದ್ದತಿ ಕಾಯ್ದೆ ಬರುವ ತನಕ, ಬಂದ ಮೇಲೂ ಎಷ್ಟೋ ಊರುಗಳಲ್ಲಿ, ಇದು ನಡೆಯಿತು. ಆಗ ಯಾವ ಧಣಿಯೂ ಅದನ್ನು 'ವಂಶ' ಅನ್ನಲಿಲ್ಲ, 'ವಿನಾಯಿತಿ' ಅನ್ನಲಿಲ್ಲ. ಹಕ್ಕು ಅಂದ. ಬಡವನು ಕೊಡಬೇಕಾದದ್ದು ಹಕ್ಕಾಗಿ ವಸೂಲಾಗುತ್ತದೆ, ಬಡವನಿಗೆ ಬರಬೇಕಾದದ್ದು ಅನುಕಂಪವಾಗಿ ಹಂಚಿಕೆಯಾಗುತ್ತದೆ. ಸಂಬಳ ಅನ್ನಬೇಕಾದ ಕಡೆ 'ಗೌರವಧನ' ಅಂತ ಹೆಸರಿಟ್ಟು ಅಂಗನವಾಡಿ ತಾಯಂದಿರನ್ನು, ಆಶಾ ಅಕ್ಕಂದಿರನ್ನು, ಬಿಸಿಯೂಟ ಬೇಯಿಸುವವರನ್ನು ದುಡಿಸುತ್ತಾರಲ್ಲ, ಅದೇ ಜಾಣತನ ಇದು. ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ ಹಕ್ಕಾಗಿ ಸಲ್ಲಬೇಕು ಅಂತ ಹೇಳಲು 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಹಾಗಾದರೆ ಸರ್ಕಾರದ ಮೇಲೆ ಬಾಕಿ ಇರುವುದು ಯಾವ ಲೆಕ್ಕದಲ್ಲಿ? ತಿಂಗಳ ಸಂಬಳ ಕೊಟ್ಟಾಯಿತಲ್ಲ ಅನ್ನಬಹುದು. ಆದರೆ ಖಾಯಂ ಕೆಲಸ ಅಂದರೆ ಬರೀ ತಿಂಗಳ ಸಂಬಳವಲ್ಲ. ನೀನು ನಿನ್ನ ಬಾಳಿನ ಗಟ್ಟಿ ವರ್ಷಗಳನ್ನು ನಮಗೆ ಕೊಡು, ಬೇರೆ ದುಡಿಮೆ ಮಾಡಬೇಡ, ನಿನ್ನ ಮನೆಯನ್ನು ಅರವತ್ತರ ತನಕ ನಾವು ನಡೆಸುತ್ತೇವೆ ಅನ್ನುವ ಒಪ್ಪಂದ ಅದು. ಅದನ್ನು ನಂಬಿ ಅವನು ಮಕ್ಕಳನ್ನು ಶಾಲೆಗೆ ಹಾಕಿದ, ತಂಗಿಯ ಮದುವೆಗೆ ಸಾಲ ಮಾಡಿದ. ನಡುವೆ ಅವನು ಸತ್ತರೆ ಅವನ ಕಡೆಯ ಮಾತು ಮುಗಿಯಿತು. ಸರ್ಕಾರದ ಕಡೆಯ ಮಾತು ಮುಗಿಯಲಿಲ್ಲ. ಕೇರಿಯ ಮೊದಲ ನೌಕರನಿಗಂತೂ ಇದು ಇನ್ನೂ ನಿಜ. ಅವನ ಹಿಂದೆ ಹೊಲವಿಲ್ಲ, ಅಂಗಡಿಯಿಲ್ಲ, ಬ್ಯಾಂಕಿನಲ್ಲಿರುವ ಮಾವನಿಲ್ಲ. ಒಂದು ಸಂಬಳದ ಗೂಟಕ್ಕೆ ಹತ್ತು ಬಾಯಿ ಕಟ್ಟಿರುತ್ತವೆ. ಗೂಟ ಮುರಿದರೆ ಆ ಮನೆ ಕೂಲಿಗೇ ಮರಳಬೇಕು. ಒಂದು ತಲೆಮಾರು ಏರಿದ ಮೆಟ್ಟಿಲು ಒಂದು ರಾತ್ರಿಯಲ್ಲಿ ಇಳಿದುಹೋಗುತ್ತದೆ.

ಇಲ್ಲಿಯ ತನಕ ಹೇಳಿದ್ದು ಖಾಯಂ ನೌಕರನ ಮಾತು. ಅವಲಂಬನೆಯೇ ಅಳತೆ ಅಂತ ಒಪ್ಪಿದ ಮೇಲೆ ಖಾಯಂ ಅನ್ನುವ ಗೆರೆಯ ಬಳಿ ನಿಲ್ಲಲು ಆಗುವುದಿಲ್ಲ. ಈ ನಾಡಿನಲ್ಲಿ ಸರ್ಕಾರದ ಕೆಲಸ ಮಾಡುತ್ತಾ ಅತ್ಯಂತ ಹೀನವಾಗಿ ಸತ್ತವರು ಯಾರು? ಮ್ಯಾನ್‌ಹೋಲಿನಲ್ಲಿ ಇಳಿದು ವಿಷಗಾಳಿ ಕುಡಿದು ಸತ್ತವರು. ಅವರಲ್ಲಿ ಬಹುಪಾಲು ಯಾವ ಸೇವಾ ಪುಸ್ತಕದಲ್ಲೂ ಹೆಸರಿಲ್ಲದವರು. ಗುತ್ತಿಗೆದಾರನ ಆಳು, ಆ ದಿನಕ್ಕೆ ಕರೆದ ಕೂಲಿ. ಅವರು ಸತ್ತದ್ದು ನಗರದ ಸೇವೆಯಲ್ಲಿ, ಆದರೆ 'ಸೇವೆಯಲ್ಲಿದ್ದಾಗ ಸತ್ತವರು' ಅನ್ನುವ ಪಟ್ಟಿಯಲ್ಲಿ ಅವರಿಲ್ಲ!

ಮಲ ಹೊರುವುದನ್ನು ನಿಲ್ಲಿಸಬೇಕು ಅಂತ ಬಿ. ಬಸವಲಿಂಗಪ್ಪನವರು ಅರಸು ಸರ್ಕಾರದ ಕಾಲದಲ್ಲೇ ಆಜ್ಞೆ ಮಾಡಿದರು. ದೇಶ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಮಾಡಿತು. ನಡುವೆ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ನಿಂತರು. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, 1993ರಿಂದ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಮನೆಗೂ 10 ಲಕ್ಷ ರೂಪಾಯಿ ಕೊಡಿ ಅಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿ, ಮನೆಯವರಿಗೆ ಉದ್ಯೋಗ, ಮಕ್ಕಳಿಗೆ ಶಿಕ್ಷಣ ಕೊಟ್ಟು ಪೂರ್ತಿ ಪುನರ್ವಸತಿ ಮಾಡಿ ಅಂತಲೂ ಹೇಳಿತು. ಇಲ್ಲಿ ಖಾಯಂ ಆಗಿದ್ದನೋ ಇಲ್ಲವೋ ಅನ್ನುವುದು ಪ್ರಶ್ನೆಯೇ ಅಲ್ಲ. ಕಾನೂನು ಬೇಡ ಅಂದ ಕೆಲಸಕ್ಕೆ ಇಳಿಸಿದರು, ಅವನು ಸತ್ತ. ಇಷ್ಟು ಸಾಕು. ನಾವು ಹೇಳುತ್ತಿರುವ ಬಾಕಿಯ ತತ್ವ ಈ ತೀರ್ಪಿನೊಳಗೆ ಆಗಲೇ ಬಂದು ಕೂತಿದೆ. ಅದನ್ನು ಹಿಡಿದುಕೊಂಡು ಪ್ರತಿ ಪುರಸಭೆಯ ಮುಂದೆ ಕೇಳಬೇಕಾದವರು ನಾವು.

ಖಾಯಂ ಪೌರಕಾರ್ಮಿಕನ ಮನೆಯಲ್ಲಿ ಇನ್ನೊಂದು ಕಥೆ. ಅವನು ಸತ್ತರೆ ಕೆಲಸ ಕೊಡುತ್ತಾರೆ, ನಿಜ. ಯಾವ ಕೆಲಸ? ಎಷ್ಟೋ ಕಡೆ ಅದೇ ಕೆಲಸ. ಅಪ್ಪನ ಪೊರಕೆ ಮಗನ ಕೈಗೆ, ಗಂಡನ ತಳ್ಳುಗಾಡಿ ಹೆಂಡತಿಯ ಕೈಗೆ. ಗುಮಾಸ್ತರ ಮಗ ಗುಮಾಸ್ತ, ಪೌರಕಾರ್ಮಿಕರ ಮಗ ಪೌರಕಾರ್ಮಿಕ. ಜಾತಿ ಬರೀ ಕೆಲಸದ ವಿಂಗಡಣೆಯಲ್ಲ, ಕೆಲಸಗಾರರ ವಿಂಗಡಣೆ ಅಂತ ಅಂಬೇಡ್ಕರ್ 1936ರಲ್ಲಿ ತೋರಿಸಿಕೊಟ್ಟರಲ್ಲ, ಆ ವಿಂಗಡಣೆಗೆ ಕರುಣೆಯ ರುಜು ಬಿದ್ದಂತಾಯಿತು. ತೋಟಿತನ ರದ್ದಾಯಿತು ಅಂತ ನಾವು ಸಂಭ್ರಮಪಟ್ಟದ್ದು ಹೌದು. ಆದರೆ ಪುರಸಭೆಯ ಹಾಜರಿ ಪುಸ್ತಕದಲ್ಲಿ ತೋಟಿ ಬೇರೆ ಹೆಸರಲ್ಲಿ ರುಜು ಹಾಕುತ್ತಿದ್ದಾನೆ. ಆದ್ದರಿಂದ 'ಅಪ್ಪನ ಕೆಲಸ' ಅನ್ನುವ ಜನರ ಮಾತಿಗೂ ಒಂದು ತಿದ್ದುಪಡಿ ಬೇಕು. ಮಗನಿಗೆ ಬರಬೇಕಾದದ್ದು ಅಪ್ಪನ ಅನ್ನ, ಅಪ್ಪನ ಪೊರಕೆಯಲ್ಲ.

'ಹಾಗಾದರೆ ಪೊರಕೆಯೂ ಬೇಡ ಅಂದರೆ ಹೊಟ್ಟೆಗೇನು?' ಅಂತ ಕೇಳುವವರಿದ್ದಾರೆ. ಕೇಳುವುದು ಸರಿ. ಮುಂಬೈ ಸಭೆಯಲ್ಲಿ ವತನಿನ ಬಗ್ಗೆ ಹೆದರಿದವರೂ ಇದನ್ನೇ ಕೇಳಿದ್ದರು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಮಾಡಿದ್ದು ಖಾಯಂ ಮಾಡಿ ಅಂತ. ಆ ವರ್ಷವೇ 11,133 ಮಂದಿಯನ್ನು ಖಾಯಂ ಮಾಡಲು ಸಂಪುಟ ಒಪ್ಪಿತು. ಆ ಹೋರಾಟ ಸರಿಯಾದದ್ದು. ಈ ತಲೆಮಾರಿಗೆ ಆ ಕೆಲಸದಲ್ಲೇ ಭದ್ರತೆ ಬೇಕು. ಮುಂದಿನ ತಲೆಮಾರಿಗೆ ಆ ಕೆಲಸದಿಂದ ಬಿಡುಗಡೆ ಬೇಕು. ಎರಡನ್ನೂ ಒಟ್ಟಿಗೆ ಕೇಳುವುದರಲ್ಲಿ ವಿರೋಧವಿಲ್ಲ.

ಬಾಕಿ ಅಂತ ಒಪ್ಪಿದರೆ ಅದನ್ನು ಯಾವ ರೂಪದಲ್ಲಿ ತೀರಿಸಬೇಕು ಅನ್ನುವುದು ಕೊನೆಯ ಪ್ರಶ್ನೆ. ಕೆಲಸವೇ ಆಗಬೇಕೇ? ಕೆಲಸದ ರೂಪದಲ್ಲಿ ಒಂದು ಕ್ರೂರ ಜೂಜಿದೆ. ನಿವೃತ್ತಿಗೆ ಒಂದು ದಿನ ಮೊದಲು ಸತ್ತರೆ ಮಗನಿಗೆ ಕೆಲಸ, ಒಂದು ದಿನ ಆಮೇಲೆ ಸತ್ತರೆ ಇಲ್ಲ. ಬದುಕಿರುವ ಅಪ್ಪನಿಗಿಂತ ಸತ್ತ ಅಪ್ಪನೇ ಹೆಚ್ಚು ಬೆಲೆಯವನು ಅನ್ನುವ ಲೆಕ್ಕವನ್ನು ನಿರುದ್ಯೋಗ ಮನೆಯೊಳಗೆ ತಂದು ಕೂರಿಸುತ್ತದೆ. ಕಾಯಿಲೆ ಬಿದ್ದ ನೌಕರನೇ 'ನಾನು ಈಗಲೇ ಹೋದರೆ ಹುಡುಗನಿಗೆ ಒಂದು ದಾರಿಯಾಗುತ್ತೆ' ಅನ್ನುವಂತೆ ಮಾಡುತ್ತದೆ. ಈ ಮಾತಿಗೆ ಆ ಮನೆಯನ್ನು ಬಯ್ಯಬಾರದು. ಕೆಲಸ ಸಿಗಲು ಸಾವೇ ಬೇಕು ಅನ್ನುವ ಸ್ಥಿತಿ ತಂದವರನ್ನು ಬಯ್ಯಬೇಕು.

ಇನ್ನು ಮನೆಯ ಒಳಜಗಳ. ಒಂದು ಕೆಲಸ, ಕೇಳುವವರು ನಾಲ್ಕು ಜನ. ಸೊಸೆಗೆ ಬಂದರೆ ಅತ್ತೆ ಬೀದಿಗೆ, ಮಗನಿಗೆ ಬಂದರೆ ತಾಯಿ ಬೀದಿಗೆ. ಕೇಂದ್ರದ ಯೋಜನೆಯಲ್ಲಿ, ಕೆಲಸ ಪಡೆದವನು ಮಿಕ್ಕ ಅವಲಂಬಿತರನ್ನು ನೋಡಿಕೊಳ್ಳುತ್ತೇನೆ ಅಂತ ಬರೆದುಕೊಡಬೇಕು. ಬರೆದುಕೊಟ್ಟದ್ದನ್ನು ನಡೆಸುತ್ತಿದ್ದಾನೋ ಅಂತ ಹುಡುಕಿಕೊಂಡು ಹೋಗಿ ಮುದುಕಿಯನ್ನು ಕೇಳುವವರು ಯಾರು?

ಹರಿಯಾಣ 2006ರ ನಿಯಮದಲ್ಲಿ ಬೇರೆ ದಾರಿ ಹಿಡಿಯಿತು. ಕೆಲಸದ ಬದಲು, ಸತ್ತ ನೌಕರ ಪಡೆಯುತ್ತಿದ್ದ ಸಂಬಳವನ್ನೇ ಅವನ ವಯಸ್ಸಿಗೆ ತಕ್ಕಂತೆ ಇಷ್ಟು ವರ್ಷ ಅಂತ ಮನೆಗೆ ಕೊಡುವುದು. ಇದರಲ್ಲಿ ಯೋಚಿಸುವಂಥದ್ದಿದೆ. ಸಂಬಳ ಎಲ್ಲ ಅವಲಂಬಿತರಿಗೂ ಮುಟ್ಟುತ್ತದೆ, ಹತ್ತು ವರ್ಷದ ಹುಡುಗ ಶಾಲೆ ಬಿಡಬೇಕಾಗಿಲ್ಲ, ಪರೀಕ್ಷೆಗೆ ಓದುತ್ತಿರುವ ಕೂಲಿಯ ಮಗಳ ಹುದ್ದೆಯೂ ಅಲ್ಲೇ ಇರುತ್ತದೆ.

ಆದರೆ 'ಕೆಲಸ ತೆಗೆದು ದುಡ್ಡು ಕೊಡಿ' ಅಂತ ನಾವಾಗಿ ಹೇಳಿಬಿಡುವಷ್ಟು ಅಮಾಯಕರೂ ಆಗಬಾರದು. ಕೇರಿಯ ಹೆಣ್ಣುಮಗಳೊಬ್ಬಳು ತಾಲ್ಲೂಕು ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂರುವುದಕ್ಕೆ ಸಂಬಳದಾಚೆಗೂ ಒಂದು ಬೆಲೆ ಇದೆ. ನಮ್ಮವರು ಬಾಗಿಲ ಹತ್ತಿರ ಬಂದ ಹೊತ್ತಿಗೆ ಖಾಯಂ ಹುದ್ದೆಗಳನ್ನು ಗುತ್ತಿಗೆಗೆ ಕೊಡುತ್ತಾ ಬಂದಿದ್ದಾರೆ. 2006ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಹೊಸದಾಗಿ ಸೇರಿದವರಿಗೆ ಹಳೆಯ ಪಿಂಚಣಿಯನ್ನೂ ಇಲ್ಲವಾಗಿಸಿದರು. ಎಲ್ಲ ಕಿತ್ತುಕೊಂಡ ಮೇಲೆ ಸಮಾನತೆಯ ಹೆಸರಲ್ಲಿ ಇದನ್ನೂ ಕಿತ್ತುಕೊಳ್ಳಿ ಅನ್ನುವವರನ್ನು ಒಂದು ಮಾತು ಕೇಳಬೇಕು: ನೂರು ಎಕರೆ ಜಮೀನು, ಸಕ್ಕರೆ ಕಾರ್ಖಾನೆ, ಮೆಡಿಕಲ್ ಕಾಲೇಜು, ಶಾಸಕನ ಟಿಕೆಟ್ಟು ಅಪ್ಪನಿಂದ ಮಗನಿಗೆ ಬರುವಾಗ ನಿಮ್ಮ ಸಮಾನತೆ ಎಲ್ಲಿ ಮಲಗಿರುತ್ತದೆ ಸ್ವಾಮೀ? ಜವಾನನ ಹೆಂಡತಿಯ ಹೊಸ್ತಿಲಲ್ಲೇ ಅದಕ್ಕೆ ಎಚ್ಚರವಾಗುವುದು ಯಾಕೆ?

ಈ ಪ್ರಶ್ನೆ ಕೇಳಿ ಅವರ ಬಾಯಿ ಮುಚ್ಚಿಸಿದರೂ, ಕೂಲಿಯ ಮಗಳ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಅವಳಿಗೆ ನಮ್ಮ ಉತ್ತರ ಇದು: ನಿನ್ನಪ್ಪನ ಸಾವೂ ಸಾವೇ. ದುಡಿಯುವವನು ಸತ್ತರೆ ಅವನನ್ನು ನಂಬಿದವರ ಅನ್ನ ಈ ನಾಡಿನ ಹೊಣೆ. ಅವನು ಖಾಯಂ ಆಗಿರಲಿ, ಗುತ್ತಿಗೆಯಾಗಿರಲಿ, ಹೊಲದ ಕೂಲಿಯಾಗಿರಲಿ. ಈಗಿರುವ ನಿಯಮ ಆ ದೊಡ್ಡ ಹೊಣೆಯ ಒಂದು ಚೂರು ಮಾತ್ರ. ಆ ಚೂರನ್ನು ಕಿತ್ತುಕೊಂಡರೆ ನಿನಗೆ ಏನೂ ಸಿಗುವುದಿಲ್ಲ. ಅದನ್ನು ಹಿಗ್ಗಿಸಿದರೆ ನಿನಗೂ ಸಿಗುತ್ತದೆ.

ಹಿಗ್ಗಿಸುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕು. ಕೊನೆಯ ಮಗುವಿನ ಓದು ಮುಗಿಯುವ ತನಕ ಮನೆಗೆ ಸಂಬಳ ಬರಬೇಕು, ಗುತ್ತಿಗೆಯವರ ಮನೆಗೂ. ಕೆಲಸ ಬೇಕೋ ಸಂಬಳ ಬೇಕೋ ಅಂತ ಆರಿಸುವವರು ಮನೆಯವರಾಗಬೇಕು, ಕಚೇರಿಯಲ್ಲ. ಕೆಲಸ ಕೊಟ್ಟರೆ ಓದಿಗೆ ತಕ್ಕದ್ದು ಕೊಡಬೇಕು, ಮತ್ತು ಪೌರಕಾರ್ಮಿಕರ ಮಕ್ಕಳಿಗೆ ಪೊರಕೆಯ ಕೆಲಸವನ್ನು ಬಿಟ್ಟು ಕೊಡಬೇಕು. ಗಡುವು ಮಗುವಿಗೆ ಹದಿನೆಂಟು ತುಂಬಿದ ಮೇಲೆ ಶುರುವಾಗಬೇಕು. ಅರ್ಜಿ ಬರಲಿ ಅಂತ ಕಚೇರಿ ಕಾಯಬಾರದು, ಸಾವಿನ ಸುದ್ದಿ ಬಂದ ದಿನ ಕಚೇರಿಯೇ ಮನೆಗೆ ಹೋಗಬೇಕು. ಸಾಲಗಾರನೇ ತಾನೇ ಬಾಗಿಲಿಗೆ ಬರಬೇಕಾದವನು?

ಇದೆಲ್ಲ ಆಗುವ ತನಕ ಇರುವ ನಿಯಮದಲ್ಲೇ ಮಾಡಬಹುದಾದದ್ದಿದೆ. ಊರಿನ ಮೇಷ್ಟ್ರುಗಳಿಗೆ ಈ ಮಾತು. ನಿಮ್ಮ ಶಾಲೆಯ ಮಗುವಿನ ಅಪ್ಪನೋ ಅವ್ವನೋ ಸರ್ಕಾರದ ಕೆಲಸದಲ್ಲಿದ್ದು ಸತ್ತ ಸುದ್ದಿ ಬಂದರೆ, ಮಣ್ಣಿಗೆ ಹೋಗಿ ಬಂದು ಸುಮ್ಮನಾಗಬೇಡಿ. ಹದಿನೈದು ದಿನ ಬಿಟ್ಟು ಒಂದು ಬಿಳಿ ಹಾಳೆ ತೆಗೆದುಕೊಂಡು ಆ ಮನೆಗೆ ಹೋಗಿ. ಅರ್ಜಿ ಬರೆದುಕೊಡಿ, ತಾರೀಖು ಹಾಕಿಸಿ, ಕಚೇರಿಯಲ್ಲಿ ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಆ ತಾಯಿ 'ಏನೋ ದಯಮಾಡಿ ಕೊಟ್ಟರೆ...' ಅಂತ ಮಾತು ತೆಗೆದರೆ ಅಲ್ಲೇ ತಡೆದು ಹೇಳಿ: ಇದು ದಯೆಯಲ್ಲ ಕಣಮ್ಮಾ, ನಿನ್ನ ಗಂಡನ ಬಾಕಿ.